ಕಿಟಕಿಗೆ ಕಟ್ಟಿದ ಕಂಬಳಿ

ಹುಳ ಮೇಯಿಸುವ ಮನೆಯಲ್ಲಿ ಮೊದಲ ಊಟ ಹುಳಕ್ಕೆ, ಆಮೇಲೆ ದನಕ್ಕೆ, ಉಳಿದದ್ದು ಮನುಷ್ಯರಿಗೆ. ದೇವಿರಮ್ಮನ ಮನೆಯಲ್ಲಿ ಒಗ್ಗರಣೆಯ ಚಟಪಟ ಕೇಳಿ ವಾರಗಳೇ ಆಗಿದ್ದವು. ರೇಷ್ಮೆ ಹುಳಕ್ಕೆ ಎಣ್ಣೆಯ ಹೊಗೆ ಆಗದು, ಹೊಗೆಸೊಪ್ಪಿನ ನಾತ ಆಗದು, ಹೊರಗಿನವರ ಕಾಲ್ಧೂಳು ಆಗದು. ಅರಮನೆಯ ರಾಣಿಗೂ ಇಷ್ಟು ನಾಜೂಕು ಇರಲಿಲ್ಲವೇನೋ. ನಡುಮನೆಯ ತುಂಬ ಅಟ್ಟಣೆ ಕಟ್ಟಿ, ಬಿದಿರಿನ ತಟ್ಟೆಗಳನ್ನು ಜೋಡಿಸಿ, ಅವಕ್ಕೆ ಬೆಚ್ಚಗಿರಲೆಂದು ಕೆಂಡದ ಅಗ್ಗಿಷ್ಟಿಕೆ ಇಟ್ಟು, ಮನೆಯವರು ಮಾತ್ರ ಅಡುಗೆಮನೆಯಲ್ಲೂ ಜಗಲಿಯಲ್ಲೂ ಮುದುಡಿ ಮಲಗುತ್ತಿದ್ದರು.

ಅಂದು ಜಗಲಿಯ ಮೇಲೆ ಅಪ್ಪ ಮಗ ಉಣ್ಣಲು ಕೂತಿದ್ದರು. ರೇಷನ್ ಡಿಪೋದಿಂದ ತಂದ ಮುಗ್ಗಲು ಜೋಳದ ಮುದ್ದೆ, ಒಗ್ಗರಣೆಯಿಲ್ಲದ ಹುರುಳಿ ಸಾರು. ಮಗ ಮರಿಸಿದ್ದಯ್ಯ ಮುದ್ದೆ ಮುರಿದು ಮೂಸಿ ನೋಡಿ ತಣಿಗೆಯ ಅಂಚಿಗೆ ತಳ್ಳಿದ.

“ಇದ್ನ ತಿನ್ನೋದ್ಕಿಂತ ಮಣ್ ತಿನ್ನೋದು ವಾಸಿ.”

“ತಿನ್ಲಾ ಸುಮ್ನೆ,” ಅಂದ ಅಪ್ಪ ಕರಿಯಯ್ಯ. “ಈ ಬೆಳೆ ಕೈಗ್ ಬರ್ಲಿ, ರಾಗಿ ಮೂಟೇನೇ ತಂದಾಕ್ತೀನಿ.”

“ಮನೇಲಿ ಬೆಳೀತಿದ್ದ ರಾಗೀಯ ಮೂಟೇಲಿ ತತ್ತಾನಂತೆ! ರಾಗಿ ಒಲ ಕಿತ್ತು ಇಪ್ನೇರ್ಳೆ ಕಡ್ಡಿ ನೆಟ್ಟೋರು ಯಾರು, ನಾನಾ?”

“ಊರೇ ನೆಡ್ತು ಕಣ್ಲಾ! ಯುದ್ಧ ಬಂದು ಜಪಾನ್ ರೇಸ್ಮೆ ನಿಂತೋಯ್ತು. ಸರ್ಕಾರ್ದೋರು ನಮ್ ಮನೆ ಬಾಗ್ಲಿಗ್ ಬಂದು ಬೆಳೀರಪ್ಪ ಬೆಳೀರಪ್ಪ ಅಂತಾವ್ರೆ. ಗಾಳಿಕೊಡೆ ಮಾಡ್ತಾರಂತೆ. ಸೋಲ್ಜರುಗಳು ಅದ್ನ ಇಡ್ಕಂಡು ಆಕಾಸ್ದಿಂದ ಊವಿನಂಗೆ ಇಳೀತಾರಂತೆ.”

ಬಾಗಿಲಲ್ಲಿ ನಿಂತು ಸೊಪ್ಪಿನ ಬುಟ್ಟಿ ಕೊಡವುತ್ತಿದ್ದ ದೇವಿರಮ್ಮ ತಿರುಗಿ ನೋಡಿದಳು. “ಆಕಾಸ್ದಿಂದ ಇಳಿಯೋರ್ಗೆ ರೇಸ್ಮೆ. ನನ್ ಸೊಸೆ ಎರ್ತೀನಿ ಅಂದ್ರೆ ಮಗು ಸುತ್ತಕ್ಕೆ ಒಂದ್ ಅಳೇ ಬಟ್ಟೆ ಇಲ್ಲ ಮನೇಲಿ. ಉಣ್ಣಿ, ಉಂಡು ಸೊಪ್ಪಿಗೋಗಿ.”

ಮಂಡ್ಯ ಮದ್ದೂರಿನ ಕಡೆಗೆ ಕಾಲುವೆ ನೀರು ಬಂದು ಆಗಲೇ ಹತ್ತು ವರ್ಷದ ಮೇಲಾಗಿತ್ತು. ಅಲ್ಲಿಯವರು ಭತ್ತ ಬೆಳೆದರು, ಕಬ್ಬು ಬೆಳೆದರು, ಗಾಡಿಗಟ್ಟಲೆ ಕಬ್ಬನ್ನು ಸಕ್ಕರೆ ಫ್ಯಾಕ್ಟರಿಗೆ ಹೊಡೆದರು. ಹಲಗೂರಿನ ಈಚೆಯ ಈ ಊರಿಗೆ ಕಾಲುವೆಯ ಸುದ್ದಿ ಮಾತ್ರ ಬಂದಿತ್ತು. ಇಲ್ಲಿ ಮಳೆ ಬಿದ್ದರೆ ರಾಗಿ, ಇಲ್ಲದಿದ್ದರೆ ಹುರುಳಿ. ಹಾಗಿರುವಾಗ ರೇಷ್ಮೆಗೆ ಎಲ್ಲಿಲ್ಲದ ಬೆಲೆ ಬಂದರೆ ಯಾರು ಸುಮ್ಮನಿರುತ್ತಾರೆ? ಕರಿಯಯ್ಯ ಒಳ್ಳೆಯ ಎರೆ ಹೊಲವನ್ನೆಲ್ಲ ಹಿಪ್ಪುನೇರಳೆ ಕಡ್ಡಿಗೆ ಬಿಟ್ಟ. ಮೊದಲೆರಡು ಬೆಳೆ ಚೆನ್ನಾಗಿ ಬಂದು ಮನೆಗೆ ಹೊಸ ಹೆಂಚು ಬಿತ್ತು. ಮೂರನೆಯದಕ್ಕೆ ಸುಣ್ಣಕಟ್ಟು ರೋಗ ತಗುಲಿ, ಗೂಡು ಕಟ್ಟುವ ಹೊತ್ತಿಗೆ ಸರಿಯಾಗಿ ಹುಳವೆಲ್ಲ ಸೀಮೆಸುಣ್ಣದ ತುಂಡಿನ ಹಾಗೆ ಬೆಳ್ಳಗೆ ಬಿರುಸಾಗಿ ಬಿದ್ದವು. ಪಕ್ಕದ ಕೇರಿಯ ಹೆಂಗಸೊಬ್ಬಳು, ಮನೆಯಲ್ಲಿ ಹೆರಿಗೆಯಾಗಿ ಪುರುಡು ಕಳೆಯದೆ, ಸೊಪ್ಪು ಕೇಳಲು ನಡುಮನೆಯ ತನಕ ಬಂದು ಹೋಗಿದ್ದಳು. ಅವಳ ಮೈಲಿಗೆ ತಗುಲಿಯೇ ಹುಳ ಸತ್ತದ್ದು ಎಂದು ದೇವಿರಮ್ಮ ನಂಬಿದಳು. ಊರೂ ಅದನ್ನೇ ಹೇಳಿತು. ಅಂದಿನಿಂದ ಆ ಮನೆ ಡಿಪೋದ ಜೋಳ ತಿನ್ನುತ್ತಿತ್ತು, ಅದೂ ಸಿಕ್ಕಿದ ದಿನ ಮಾತ್ರ. ಈ ಬೆಳೆಯೂ ಹೋದರೆ ಎತ್ತು ಮಾರುವುದೊಂದೇ ಉಳಿದಿತ್ತು.

ಇಂಥ ಹೊತ್ತಿನಲ್ಲಿ ಸೊಸೆ ಚಿಕ್ಕನಂಜಮ್ಮನಿಗೆ ಒಂಬತ್ತು ತುಂಬಿತು. ಚೊಚ್ಚಲ ಬಸಿರು. ಅವಳ ತವರು ಬಂಡೂರು. ಅಪ್ಪ ಇಲ್ಲ, ಅವ್ವ ಮತ್ತು ಅಣ್ಣ ರೇವಣ್ಣ ಕುರಿ ಸಾಕಿಕೊಂಡಿದ್ದರು. ತಂಗಿಯನ್ನು ಹೆರಿಗೆಗೆ ಕರೆದೊಯ್ಯಲು ರೇವಣ್ಣ ಗಾಡಿಗೆ ಹುಲ್ಲು ಹಾಸಿ, ಹುಲ್ಲಿನ ಮೇಲೆ ಹೊಸ ಕಂಬಳಿ ಹಾಸಿ ಕಟ್ಟಿಕೊಂಡು ಬಂದ. ಹುಳದ ಮನೆಯೆಂದು ಅವನನ್ನು ಯಾರೂ ಒಳಕ್ಕೆ ಕರೆಯಲಿಲ್ಲ. ಹುಣಸೆಮರದ ಕೆಳಗೆ ನಿಂತೇ ಮಾತಾಡಿದ.

“ಅವ್ವ ಕಾಯ್ತಾ ಕುಂತವ್ಳೆ, ಅತ್ತೆ. ನೀರ್ಮನೆ ಪಕ್ಕ ಕೋಣೆ ಬಳ್ದು ಇಟ್ಟವ್ಳೆ.”

“ಕಳಿಸ್ದೆ ಏನಪ್ಪ, ಕಳಿಸ್ತೀನಿ,” ಅಂದಳು ದೇವಿರಮ್ಮ. “ಆದ್ರೆ ಉಳ ಈಗ ಮೂರ್ನೇ ಜ್ವರ ಎದ್ದವೆ. ಸೊಪ್ಪು ಎಚ್ಚೋಕೆ ಅವ್ಳ ಕೈ ಬುಟ್ರೆ ಇನ್ನೊಂದ್ ಕೈ ಇಲ್ಲ. ಈ ಬೆಳೆ ಆಗ್ಲಿ, ಗೂಡು ಬುಡ್ಸಿದ್ ದಿವ್ಸವೇ ನಾನೇ ಕಳಿಸ್ಕೊಡ್ತೀನಿ.”

ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತಲೆಯೆತ್ತಿ ಮಲಗುವುದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಅವುಗಳ ಹಸಿವಿಗೆ ಮಿತಿಯೇ ಇಲ್ಲ; ಮನೆ ಮಂದಿಯೆಲ್ಲ ನಿದ್ದೆಗೆಟ್ಟು ಸೊಪ್ಪು ಹಾಕಬೇಕು. ಚಿಕ್ಕನಂಜಮ್ಮನ ಹಾಗೆ ಕೂದಲೆಳೆಯಷ್ಟು ಸಣ್ಣಗೆ ಸೊಪ್ಪು ಹೆಚ್ಚುವವರು ಆ ಕೇರಿಯಲ್ಲೇ ಇರಲಿಲ್ಲ. ಅದು ಅವಳ ಗುಣವಾಗಿತ್ತು, ಈಗ ಅದೇ ಅವಳ ಕಾಲಿಗೆ ಹಗ್ಗವಾಯಿತು.

“ಮಗಾ, ನೀನೇನಂತೀಯೆ?” ಅಂತ ರೇವಣ್ಣ ತಂಗಿಯನ್ನು ಕೇಳಿದ.

ಚಿಕ್ಕನಂಜಮ್ಮ ಗಾಡಿಯ ಹುಲ್ಲನ್ನು ನೋಡಿದಳು, ಆಮೇಲೆ ಅತ್ತೆಯ ಮುಖ ನೋಡಿದಳು. “ಅತ್ತೆಮ್ಮ ಏಳ್ದಂಗೆ ಆಗ್ಲಣ್ಣ,” ಅಂದಳು.

ಮರಿಸಿದ್ದಯ್ಯ ಅಲ್ಲಿಯೇ ನಿಂತಿದ್ದ. ಅವ್ವನ ಹತ್ತಿರ ಅಡುಗೆಮನೆಯಲ್ಲಿ ಹಾರಾಡುವ ಗಂಡು, ಹೆಂಡತಿಯ ಅಣ್ಣನ ಎದುರಿಗೆ ಎತ್ತಿನ ಕೊಂಬು ಸವರುತ್ತ ನಿಂತುಬಿಟ್ಟ. ರೇವಣ್ಣ ಕಂಬಳಿಯನ್ನು ಬಿಚ್ಚಿ ತಂಗಿಯ ಕೈಗೆ ಕೊಟ್ಟ. “ನಮ್ ಕುರಿ ಉಣ್ಣೆದೇ ಕಣವ್ವ. ಬಾಣಂತಿ ಬೆಚ್ಗಿರ್ಲಿ ಅಂತ ಅವ್ವ ನೇಯ್ಸವ್ಳೆ,” ಎಂದು ಹೇಳಿ ಖಾಲಿ ಗಾಡಿ ಹೊಡೆದುಕೊಂಡು ಹೋದ.

ಕಾರ್ತೀಕದಲ್ಲಿ ಬರಬಾರದ ಮಳೆ ಬಂತು. ಎಲ್ಲೋ ಸಮುದ್ರದಲ್ಲಿ ಎದ್ದದ್ದಂತೆ, ಇಲ್ಲಿ ಜಡಿಯಾಗಿ ಹಿಡಿದುಕೊಂಡಿತು. ಸೌದೆ ನೆನೆಯಿತು, ಇದ್ದಿಲು ತೀರುತ್ತ ಬಂತು. ಸೊಪ್ಪು ತಂದರೆ ಒಂದೊಂದೇ ಎಲೆಯನ್ನು ಬಟ್ಟೆಯಿಂದ ಒರೆಸಿ ಹಾಕಬೇಕು. ಒದ್ದೆ ಎಲೆ ತಿಂದರೆ ಹುಳಕ್ಕೆ ಹೊಟ್ಟೆ ಕೆಡುತ್ತದೆ. ನಡುಮನೆಯ ಕಿಟಕಿಯಿಂದ ಕುಳಿರ್ಗಾಳಿ ನುಗ್ಗತೊಡಗಿದಾಗ ದೇವಿರಮ್ಮ ಸುತ್ತಮುತ್ತ ನೋಡಿದಳು. ಗೋಣಿಚೀಲಗಳೆಲ್ಲ ನೆನೆದಿದ್ದವು. ಗೂಟದ ಮೇಲೆ ಬಂಡೂರಿನ ಕಂಬಳಿ ಇತ್ತು.

“ಇದ್ನ ಕಟ್ತೀನಿ ಕಣೆ ನಂಜಿ. ನೀನ್ ಎರೋ ಒತ್ಗೆ ಬಿಚ್ಚುದ್ರಾಯ್ತು.”

“ಕಟ್ಟಿ ಅತ್ತೆಮ್ಮ,” ಅಂದಳು ಚಿಕ್ಕನಂಜಮ್ಮ, ಎಲೆ ಒರೆಸುತ್ತಲೇ.

ಹುಳ ನಾಲ್ಕನೇ ಜ್ವರ ಎದ್ದ ದಿನ ಸಂಜೆಯೇ ಅವಳಿಗೆ ನೋವು ಬಂತು. ಸೊಪ್ಪಿನ ಮಣೆಯ ಮುಂದೆ ಕೂತವಳು ಕುಡುಗೋಲು ಕೆಳಗಿಟ್ಟು ಗೋಡೆ ಹಿಡಿದಳು. ದೇವಿರಮ್ಮ ಕೈಯ ಬುಟ್ಟಿ ಬಿಟ್ಟು ಓಡಿಬಂದಳು. ನಿಜ ಹೇಳಬೇಕೆಂದರೆ ಅದು ಸೊಸೆಗಾಗಿ ಅಲ್ಲ. ಹೆರಿಗೆ ಈ ಸೂರಿನ ಕೆಳಗೆ ಆದರೆ ಪುರುಡು ಹುಳಕ್ಕೆ ತಗುಲುತ್ತದೆ, ತಟ್ಟೆಗಳೆಲ್ಲ ಮತ್ತೆ ಬೆಳ್ಳಗಾಗುತ್ತವೆ ಎಂದು ಹೆದರಿದಳು.

“ಕೊಟ್ಗೆಗೆ ನಡಿ, ನಂಜಿ. ಮೆಲ್ಲುಕ್ ನಡಿ, ನನ್ ತಾಯಿ. ನಿನ್ ಗಂಡ ಎತ್ತ ಆಚ್ಗೆ ಕಟ್ಟಿ ನೆಲ ಗುಡಿಸ್ಕೊಡ್ತಾನೆ.”

ಮರಿಸಿದ್ದಯ್ಯ ಸಿಡಿದೆದ್ದ. “ಕೊಟ್ಗೆ ಸೋರ್ತಾ ಅದೆ ಕಣವ್ವೋ! ಅಡುಗೆಮನೇಲಿ ಆಗ್ಲಿ.”

“ಅಡುಗೆಮನೆ ಗೋಡೆ ಆಚೆಗೇ ಉಳ ಅವೆ. ಓದ್ ಸಲ ಆದದ್ದು ಮರ್ತೋಯ್ತಾ ನಿಂಗೆ?”

“ಉಳ ಸತ್ರೆ ಸಾಯ್ಲಿ!”

“ಉಳ ಸತ್ರೆ ನಾವ್ ಏನ್ ತಿನ್ನೋಣ್ಲಾ? ನಿನ್ ಮಗೀಗೆ ಏನ್ ತಿನ್ಸೀಯೆ? ನಾಳೆ ಎತ್ ಮಾರುದ್ರೆ ನಾಳಿದ್ ಏನ್ ಮಾರೀಯೆ?”

ಮಗ ಅಪ್ಪನ ಮುಖ ನೋಡಿದ. ಕರಿಯಯ್ಯ ಮಳೆ ನೋಡುತ್ತಿದ್ದ. ಮರಿಸಿದ್ದಯ್ಯ ಎತ್ತು ಬಿಚ್ಚಲು ಹೋದ.

ಸೂಲಗಿತ್ತಿ ಪಟ್ಟಲಮ್ಮ ಗೋಣಿ ಕೊಪ್ಪೆ ಹಾಕಿಕೊಂಡು ಬಂದವಳೇ ಕೊಟ್ಟಿಗೆಯೊಳಗೆ ಬಗ್ಗಿ ನೋಡಿ ಕೂಗಿದಳು. “ಬೆಂಕಿ ಎಲ್ಲಿ ದೇವಿರಮ್ಮ? ಚಳೀಲಿ ನಡುಗ್ತಾವ್ಳೆ ಎಣ್ಮಗ್ಳು. ಬೆಂಕಿ ತನ್ನಿ, ಒದಿಯಕ್ ಏನಾರ ತನ್ನಿ.”

ಮನೆಯಲ್ಲಿ ಉರಿಯುತ್ತಿದ್ದದ್ದು ಒಂದೇ ಅಗ್ಗಿಷ್ಟಿಕೆ. ದೇವಿರಮ್ಮ ಅದರ ಮುಂದೆ ನಿಂತಳು. ಜ್ವರ ಎದ್ದ ಹುಳ ಆಗತಾನೆ ಮೊದಲ ಸೊಪ್ಪಿಗೆ ಬಾಯಿ ಹಾಕಿ, ನಡುಮನೆಯೆಲ್ಲ ಹೆಂಚಿನ ಮೇಲೆ ಹನಿ ಬಿದ್ದ ಹಾಗೆ ಸರಸರ ಎನ್ನುತ್ತಿತ್ತು. ಕಿಟಕಿಯ ಕಂಬಳಿ ಗಾಳಿಗೆ ಉಬ್ಬಿ ಉಬ್ಬಿ ಇಳಿಯುತ್ತಿತ್ತು. ಕೊನೆಗೆ ಅವಳು ಅಗ್ಗಿಷ್ಟಿಕೆಯಿಂದ ನಾಲ್ಕು ಕೆಂಡ ಹೆಕ್ಕಿ ಒಡಕು ಗಡಿಗೆಗೆ ಹಾಕಿ ಕೊಟ್ಟಿಗೆಯ ಬಾಗಿಲಲ್ಲಿಟ್ಟಳು. ಹೊದೆಯಲು ತನ್ನ ಹಳೆಯ ಸೀರೆ ಎಸೆದಳು. ಕಂಬಳಿಯನ್ನು ಬಿಚ್ಚಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ಪಟ್ಟಲಮ್ಮ ಸೊಪ್ಪಿನ ಕುಡುಗೋಲಿನಿಂದಲೇ ಹೊಕ್ಕಳ ಕೊಯ್ದು ಬೂದಿ ಹಚ್ಚಿದಳು. ಅವಳು ಕಲಿತದ್ದೇ ಹಾಗೆ. ದೇವಿರಮ್ಮ ಮಳೆಯಲ್ಲಿ ನಿಂತು ದೂರದಿಂದ ನೋಡಿದಳು. ಮುಟ್ಟಿದರೆ ಪುರುಡು ತನಗೂ ಬರುತ್ತದೆ, ಆಮೇಲೆ ಹುಳದ ಮನೆಗೆ ಕಾಲಿಡುವ ಹಾಗಿಲ್ಲ.

“ನಿನ್ನಂಗೇ ಮೂಗು ಕಣಮ್ಮ ಮೊಮ್ಮಗ್ಳುದು, ಬಾ ನೋಡು,” ಅಂದಳು ಪಟ್ಟಲಮ್ಮ.

“ನೋಡ್ತೀನಿ, ನೋಡ್ತೀನಿ. ಗೂಡು ಕಟ್ಲಿ, ಆಮೇಲೆ ಅದು ನನ್ ಸೊಂಟ ಬುಟ್ಟು ಇಳಿಯಕ್ಕಿಲ್ಲ,” ಎಂದು ನಗಾಡುತ್ತ ದೇವಿರಮ್ಮ ಕಾಲು ತೊಳೆದುಕೊಂಡು ಒಳಗೆ ಹೋದಳು. ಅವಳಿಗೆ ಅಂದು ನಿಜವಾಗಿಯೂ ಸಂತೋಷವಾಗಿತ್ತು.

ಮುಂದಿನ ದಿನಗಳು ಹುಳದ ದಿನಗಳು. ಬೆಳಕು ಹರಿಯುವ ಮುಂಚೆ ಸೊಪ್ಪು, ಬಿಸಿಲೇರಿದರೆ ಸೊಪ್ಪು, ಕಸ ತೆಗೆ, ತಟ್ಟೆ ಬದಲಾಯಿಸು, ಮತ್ತೆ ಸೊಪ್ಪು. ಕರಿಯಯ್ಯನ ಬೆನ್ನು ಬಾಗಿಹೋಯಿತು, ಮರಿಸಿದ್ದಯ್ಯನ ಬೆರಳು ಸೊಪ್ಪು ಕಿತ್ತು ಕಿತ್ತು ಒಡೆದವು. ದೇವಿರಮ್ಮ ದಿನಕ್ಕೆರಡು ಸಲ ಕೊಟ್ಟಿಗೆಯ ಹೊಸಿಲಾಚೆ ಮೆಣಸಿನ ಸಾರು, ಮುದ್ದೆ ಇಟ್ಟು, ಒಂದು ಕೋಲಿನಿಂದ ಒಳಕ್ಕೆ ತಳ್ಳುತ್ತಿದ್ದಳು.

“ಆಲು ಕುಡೀತಾ ಕೂಸು?”

“ಕುಡೀತದೆ ಅತ್ತೆಮ್ಮ. ಉಳ ಎಂಗವೆ?”

“ಬಂಗಾರ ಆಗವೆ ಕಣೆ. ನೀನು ಎಚ್ಚಾಕಿದ್ ಸೊಪ್ ತಿಂದ್ ಬೆಳ್ದವಲ್ಲ.”

ಹೀಗೆ ಹೊಸಿಲಿನ ಆಚೀಚೆ ನಿಂತು ಅತ್ತೆ ಸೊಸೆ ಇಬ್ಬರೂ ತಮ್ಮ ತಮ್ಮ ಕೂಸುಗಳ ಕ್ಷೇಮ ಹೇಳಿಕೊಳ್ಳುತ್ತಿದ್ದರು. ಮಳೆಯೂ ಬಿಟ್ಟಿತು. ಊರಿನವರು ಹಾದಿಯಲ್ಲಿ ನಿಂತು, ಈ ಸಲ ಕರಿಯಯ್ಯನ ಮನೆ ಗೆದ್ದಿತು ಅನ್ನತೊಡಗಿದರು.

ಹುಳ ಹಣ್ಣಾದವು. ಮೈ ಹೊಂಬಣ್ಣಕ್ಕೆ ತಿರುಗಿ, ಮೇವು ಬಿಟ್ಟು, ಬಾಯಲ್ಲಿ ಎಳೆ ಹಿಡಿದು ತಲೆ ಆಡಿಸುವ ಹೊತ್ತು ಅದು. ಒಂದೊಂದನ್ನೇ ಬೆರಳಲ್ಲಿ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ತಡವಾದರೆ ತಟ್ಟೆಯಲ್ಲೇ ಎಳೆ ಸುರಿದು ಹಾಳಾಗುತ್ತವೆ. ಆ ದಿನ ಉಣ್ಣುವುದಕ್ಕೂ ಯಾರೂ ಏಳುವುದಿಲ್ಲ. ಮೂವರೂ ಬಗ್ಗಿ ಕೂತು ಆರಿಸುತ್ತಿದ್ದಾಗ ಕೊಟ್ಟಿಗೆಯಿಂದ ಕೂಗು ಬಂತು.

“ಅತ್ತೆಮ್ಮಾ! ಕೂಸು ಮೊಲೆ ಇಡೀತಿಲ್ಲ!”

“ತುಟಿಗೆ ಜೇನ್ ಸವ್ರು, ಇಡೀತದೆ!”

ಸ್ವಲ್ಪ ಹೊತ್ತು ಬಿಟ್ಟು ಮತ್ತೆ. “ಅತ್ತೆಮ್ಮಾ! ಬಾಯೇ ಬುಡ್ತಿಲ್ಲ ಕಣತ್ತೆಮ್ಮಾ! ಮೈಯೆಲ್ಲ ಬಿಲ್ಲಂಗ್ ಬಾಗ್ತದೆ!”

ಮರಿಸಿದ್ದಯ್ಯ ಎದ್ದು ನಿಂತ. ದೇವಿರಮ್ಮ ಅವನ ಪಂಚೆ ಹಿಡಿದಳು. “ಪಟ್ಟಲಮ್ಮುನ್ನ ಕೂಗೋಗು. ಒಳೀಕ್ ಓಗ್ಬ್ಯಾಡ, ಕೈ ಮೈಲ್ಗೆ ಆಯ್ತದೆ. ಇನ್ ನಾಕ್ ತಟ್ಟೆ ಅವೆ. ಈ ನಾಕ್ ತಟ್ಟೆ ಆಗ್ಬುಡ್ಲಿ, ನಾನೇ ಓಯ್ತೀನಿ.”

ಪಟ್ಟಲಮ್ಮ ಬಂದಳು, ಬೇವಿನ ಸೊಪ್ಪು ನಿವಾಳಿಸಿದಳು, ಹೊಟ್ಟೆಗೆ ಬಳೆಚೂರು ಕಾಯಿಸಿ ಬರೆ ಇಟ್ಟಳು. ಬಾಲಗ್ರಹ ಅಂದಳು. ದೇವಿರಮ್ಮನ ಕೈ ತಟ್ಟೆಯಿಂದ ಚಂದ್ರಿಕೆಗೆ, ಚಂದ್ರಿಕೆಯಿಂದ ತಟ್ಟೆಗೆ ಓಡುತ್ತಲೇ ಇತ್ತು. ಕೊನೆಯ ತಟ್ಟೆಯ ಕೊನೆಯ ಹುಳ ಬಿಟ್ಟು ಅವಳು ಎದ್ದಾಗ ನೆತ್ತಿಯ ಮೇಲಿನ ಬಿಸಿಲು ವಾಲಿತ್ತು. ಅಭ್ಯಾಸದಂತೆ ಕಾಲು ತೊಳೆದುಕೊಂಡು ಓಡಿಹೋಗಿ, ಆರು ದಿನ ದಾಟದ ಹೊಸಿಲನ್ನು ದಾಟಿ, ಸೊಸೆಯ ಮಡಿಲಿಂದ ಮಗುವನ್ನು ಎತ್ತಿಕೊಂಡಳು. ಅದರ ಮೂಗು ನಿಜವಾಗಿಯೂ ತನ್ನ ಹಾಗೇ ಇತ್ತು. ಮೈ ಬಿರುಸಾಗಿ ತಣ್ಣಗಾಗುತ್ತಿತ್ತು.

“ಕೊಡಿ ಅತ್ತೆಮ್ಮ, ಈಗ ಓಯ್ತು,” ಅಂದಳು ಚಿಕ್ಕನಂಜಮ್ಮ. “ನೀವ್ ಕಾಲ್ ತೊಳಿಯೋ ಒತ್ನಲ್ಲಿ ಓಯ್ತು.”

ದೇವಿರಮ್ಮ ಬಾಯಿಗೆ ಸೆರಗು ತುರುಕಿಕೊಂಡಳು. ಅತ್ತರೆ ನಡುಮನೆಗೆ ಕೇಳುತ್ತದೆ, ಗೂಡು ಕಟ್ಟುವ ಹುಳ ಸದ್ದಿಗೆ ಬೆಚ್ಚಿ ಎಳೆ ಕಡಿದುಕೊಳ್ಳುತ್ತದೆ ಎಂಬ ಭಯ ಆಗಲೂ ಅವಳನ್ನು ಬಿಟ್ಟಿರಲಿಲ್ಲ. ಆ ಭಯಕ್ಕೆ ಅವಳಿಗೇ ಹೇಸಿಗೆಯಾಯಿತು. ಕರಿಯಯ್ಯ ಕಡ್ಡಿ ತೋಟದ ಬದುವಿನಲ್ಲಿ ಗುಂಡಿ ತೆಗೆದ, ಮಗುವನ್ನು ಅಜ್ಜಿಯ ಹಳೆಯ ಸೀರೆಯಲ್ಲೇ ಸುತ್ತಿ ಮಣ್ಣು ಮಾಡಿದರು.

ಗೂಡು ಬಂದವು. ಅಂಥ ಗೂಡು ಆ ಸೀಮೆಯಲ್ಲಿ ಆ ವರ್ಷ ಯಾರಿಗೂ ಬರಲಿಲ್ಲ. ಕೊಳ್ಳಲು ಬಂದವನು ಕೈಯಲ್ಲಿ ಹಿಡಿದು ಒತ್ತಿ ನೋಡಿ, “ಏನ್ ಕರಿಯಯ್ಯ, ಕಲ್ಲಂಗವೆ!” ಅಂದ. ಕರಿಯಯ್ಯ ಹೇಳಿದ ಹಾಗೆ ರಾಗಿ ಮೂಟೆ ತಂದ, ಎಣ್ಣೆ ತಂದ, ಮುಂದಿನ ಬೆಳೆಗೆ ಮೊಟ್ಟೆಯ ಹಾಳೆಯನ್ನೂ ತಂದ. ಅಂದು ಒಲೆಯ ಮೇಲೆ ಒಗ್ಗರಣೆ ಚಟಪಟ ಅಂದಾಗ ಮರಿಸಿದ್ದಯ್ಯ ತಣಿಗೆಯ ಮುಂದಿನಿಂದ ಎದ್ದ.

“ಉಣ್ಲಾ, ರಾಗಿ ಮುದ್ದೆ,” ಅಂದ ಅಪ್ಪ.

“ನೀನೇ ಉಣ್ಣು. ನಾನು ಮಂಡ್ಯಕ್ಕೋಯ್ತೀನಿ. ಫ್ಯಾಕ್ಟರೀಲಿ ಕಬ್ಬಿನ್ ಸೀಜನ್ ಸುರುವಾಗದೆ, ಆಳು ತಕ್ಕತಾವ್ರೆ.”

“ಎಂಡ್ರು ಬಾಣಂತಿ ಕಣೋ!”

“ಯಾವ್ ಮಗೀಗೆ ಬಾಣಂತಿ?” ಅಂದ ಮರಿಸಿದ್ದಯ್ಯ. ಆ ಮಾತು ಅಡುಗೆಮನೆಯ ತನಕ ಕೇಳಿಸಿತು. ಮರುದಿನ ಬೆಳಿಗ್ಗೆ ಅವನು ಹೋಗಿದ್ದ.

ಪುರುಡು ಕಳೆದು ನೀರು ಹಾಕಿಕೊಂಡ ದಿನ ಚಿಕ್ಕನಂಜಮ್ಮ ಅರಿಶಿನದ ನೀರಲ್ಲಿ ಕಾಲು ತೊಳೆದು ನಡುಮನೆಗೆ ಬಂದಳು. ಯಾರೂ ಕರೆದಿರಲಿಲ್ಲ. ಮಣೆಯ ಮುಂದೆ ಕೂತು, ಹೊಸ ಮರಿಹುಳಕ್ಕೆ ಮೊದಲಿನ ಹಾಗೇ ಕೂದಲೆಳೆಯಷ್ಟು ಸಣ್ಣಗೆ ಸೊಪ್ಪು ಹೆಚ್ಚಿದಳು. ಅಳಲಿಲ್ಲ, ಬಯ್ಯಲಿಲ್ಲ. ಬೈದಿದ್ದರೆ ದೇವಿರಮ್ಮ ಕಾಲಿಗೆ ಬೀಳುತ್ತಿದ್ದಳೇನೋ. ಹುಳ ದೊಡ್ಡವಾದಂತೆ ಸರಸರ ಸದ್ದು ಎದ್ದಿತು. ಆ ಸದ್ದಿಗೆ ಸೊಸೆಯ ಕುಪ್ಪಸ ಹಾಲಿನಿಂದ ನೆನೆಯುತ್ತಿತ್ತು. ಅವಳು ಸೆರಗು ಎಳೆದುಕೊಂಡು ಹೆಚ್ಚುವುದನ್ನು ಮುಂದುವರಿಸುತ್ತಿದ್ದಳು. ದೇವಿರಮ್ಮ ತನ್ನ ಪಾಲಿನ ರಾಗಿ ಮುದ್ದೆಯನ್ನು ಎತ್ತಿಗೆ ಹಾಕಿ ಬರುತ್ತಿದ್ದಳು.

ಸುದ್ದಿ ಕೇಳಿ ರೇವಣ್ಣ ಮತ್ತೆ ಗಾಡಿ ಕಟ್ಟಿಕೊಂಡು ಬಂದ. ಈ ಸಲ ದೇವಿರಮ್ಮ ಅವನನ್ನು ಹುಣಸೆಮರದ ಕೆಳಗೆ ನಿಲ್ಲಿಸಲಿಲ್ಲ. ಕೈ ಹಿಡಿದು ಜಗಲಿಗೆ ಕರೆತಂದಳು. “ಕರ್ಕಂಡೋಗಪ್ಪ. ಅವ್ವನ್ ತಾವ್ ಇರ್ಲಿ. ಮೈ ಮನ್ಸು ಸರಿಯಾಗೋ ಗಂಟ ಇರ್ಲಿ.” ಹೇಳುತ್ತ ಒಳಗೆ ಓಡಿ ಕಿಟಕಿಯ ಕಂಬಳಿಯ ಗಂಟುಗಳನ್ನು ಬಿಚ್ಚಿದಳು. ಕಣ್ಣು ಮಂಜಾಗಿ ಒಂದು ಗಂಟು ಬಿಚ್ಚಲೇ ಬರಲಿಲ್ಲ, ಹಲ್ಲಿನಿಂದ ಎಳೆದಳು. ಕಂಬಳಿಯನ್ನು ಎದೆಗೆ ಒತ್ತಿಕೊಂಡು ಸೊಸೆಯ ಮುಂದೆ ಬಂದು ನಿಂತಳು.

“ಏಳೆ ನಂಜಿ. ಎದ್ದೇಳವ್ವ. ಅಣ್ಣ ಬಂದವ್ನೆ. ಇದ್ನ ಒದ್ಕಂಡು ಓಗು. ಮಾರ್ಗಸಿರದ ಚಳಿ.”

ಚಿಕ್ಕನಂಜಮ್ಮ ಕುಡುಗೋಲು ಕೆಳಗಿಟ್ಟು ಎದ್ದಳು. ಅತ್ತೆಯ ಕೈಯಿಂದ ಕಂಬಳಿ ತೆಗೆದುಕೊಂಡಳು. ಬಾಗಿಲ ತನಕ ಬಂದು ಗಾಡಿಯನ್ನೂ, ಗಾಡಿಯ ಹುಲ್ಲನ್ನೂ, ಅಣ್ಣನನ್ನೂ ನೋಡಿದಳು.

“ಉಳ ಮೂರ್ನೇ ಜ್ವರ ಎದ್ದವೆ ಕಣಣ್ಣ,” ಅಂದಳು. “ಸೊಪ್ಪು ಎಚ್ಚಕ್ಕೆ ಇನ್ನೊಂದ್ ಕೈ ಇಲ್ಲ. ಈ ಬೆಳೆ ಆಗ್ಲಿ.”

“ನಂಜೀ!” ಎಂದು ದೇವಿರಮ್ಮ ಕೂಗಿದಳು.

“ಮೆಲ್ಲುಕ್ ಮಾತಾಡಿ ಅತ್ತೆಮ್ಮ. ಉಳ ಬೆಚ್ಚತವೆ.”

ಅವಳು ಒಳಗೆ ಹೋಗಿ ಕಂಬಳಿಯನ್ನು ಕಿಟಕಿಗೆ ಕಟ್ಟಿದಳು. ನಾಲ್ಕು ಮೂಲೆಯನ್ನೂ ಬಿಗಿಯಾಗಿ ಕಟ್ಟಿ, ಎಲ್ಲಾದರೂ ಗಾಳಿ ಬರುತ್ತದೆಯೋ ಎಂದು ಅಂಗೈ ಇಟ್ಟು ನೋಡಿದಳು. ಆಮೇಲೆ ಮಣೆಯ ಮುಂದೆ ಕೂತು ಕುಡುಗೋಲು ತೆಗೆದುಕೊಂಡಳು. ಹೊರಗೆ ರೇವಣ್ಣ ಖಾಲಿ ಗಾಡಿಯನ್ನು ತಿರುಗಿಸಿದ.